ಯೋಗ್ಯನು ಯಾರು?

ನಮ್ಮ ಊರುಗಳಲ್ಲಿ ಒಂದು ಮಾತು ಬಹು ಸುಲಭವಾಗಿ ಬಾಯಿಗೆ ಬರುತ್ತದೆ. “ಬಲವಿದ್ದವನು ಬಾಳುತ್ತಾನೆ, ಬಲವಿಲ್ಲದವನು ಅಳಿಯುತ್ತಾನೆ, ಇದು ಪ್ರಕೃತಿಯ ನಿಯಮ, ಅದಕ್ಕೆ ನಾವೇನು ಮಾಡೋಣ?” ಎಂಬದೇ ಆ ಮಾತು. ಸಾಲ ತೀರಿಸಲಾರದ ಬಡವನ ತೋಟವು ಕೈಬಿಟ್ಟು ಹೋಗುವಾಗ ಇದನ್ನು ಹೇಳುವವರುಂಟು. ಹುಟ್ಟಿದಂದಿನಿಂದ ಕೈಕಾಲು ಸ್ವಾಧೀನವಿಲ್ಲದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ತಾಯಿಗೆ ಇದನ್ನೇ ಬುದ್ಧಿವಾದವೆಂಬಂತೆ ಹೇಳುವವರೂ ಉಂಟು. ಹೇಳುವವರೆಲ್ಲರೂ ಕ್ರೂರರಲ್ಲ. ದೊಡ್ಡ ಪಂಡಿತರು ಶೋಧಿಸಿದ ಸತ್ಯವನ್ನೇ ತಾವು ಆಡುತ್ತೇವೆಂದು ಅವರಲ್ಲಿ ಅನೇಕರು ನಂಬಿರುತ್ತಾರೆ.

ವಾಚಕರೇ, ಈ ಒಂದು ಮಾತಿನಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಪ್ರಾಣಿಲೋಕದಲ್ಲಿ ನಿಜವಾಗಿ ನಡೆಯುವದು ಏನು ಎಂಬದು ಮೊದಲನೆಯದು. ಅಲ್ಲಿ ನಡೆಯುವದನ್ನು ಮನುಷ್ಯನು ತನ್ನ ನಡತೆಗೆ ನಿಯಮವಾಗಿ ಹಿಡಿಯಬೇಕೋ ಎಂಬದು ಎರಡನೆಯದು. ಮೊದಲನೆಯದರ ಉತ್ತರವನ್ನು ಕಣ್ಣಿನಿಂದ ಹುಡುಕಬೇಕು; ಎರಡನೆಯದರ ಉತ್ತರವನ್ನು ಮನಸ್ಸಾಕ್ಷಿಯಿಂದ ಕೇಳಬೇಕು. ಮೊದಲನೆಯದಕ್ಕೋಸ್ಕರ ಬಂಟ್ವಾಳ, ಮೂಡಬಿದ್ರೆ, ಬೆಳ್ತಂಗಡಿ ಸೀಮೆಗಳವರು ದೂರ ಹೋಗಬೇಕಾಗಿಲ್ಲ. ನೋಡತಕ್ಕದ್ದೆಲ್ಲಾ ನಮ್ಮ ತೋಟ, ಗದ್ದೆ, ಘಟ್ಟಗಳಲ್ಲಿಯೇ ಉಂಟು.

ಮೂಡಬಿದ್ರೆಯ ಸುತ್ತಲಿನ ಯಾವದಾದರೊಂದು ಹಳೆಯ ಅಡಿಕೆ ತೋಟಕ್ಕೆ ಹೋಗಿ, ಬಿಸಿಲೇರಿದ ಮೇಲೆ ಮರಗಳ ಕಾಂಡಗಳನ್ನು ತಾಳ್ಮೆಯಿಂದ ನೋಡಿರಿ. ತೊಗಟೆಯದೇ ಬಣ್ಣದ ಒಂದು ಸಣ್ಣ ಪ್ರಾಣಿಯು ಅಲ್ಲಿ ಅಂಟಿಕೊಂಡಿರುವದು. ಅದು ಅಲುಗುವ ವರೆಗೆ ಕಣ್ಣಿಗೆ ಬೀಳುವದೇ ಇಲ್ಲ. ತಟ್ಟನೆ ಅದು ಕಾಂಡವನ್ನು ಬಿಟ್ಟು ಗಾಳಿಯಲ್ಲಿ ತೇಲುತ್ತಾ ಇನ್ನೊಂದು ಮರಕ್ಕೆ ಹೋಗಿ ಹತ್ತಿಕೊಳ್ಳುವದು. ಇದೇ ಹಾರುವ ಓತಿ. ಅದಕ್ಕಿರುವದು ಹಕ್ಕಿಯ ರೆಕ್ಕೆಯಲ್ಲ. ಕೆಲವು ಪಕ್ಕೆಲುಬುಗಳು ಉದ್ದವಾಗಿ ಹೊರಗೆ ಚಾಚಿ, ಕೊಡೆಯ ಕಡ್ಡಿಗಳು ಬಟ್ಟೆಯನ್ನು ಹಿಡಿಯುವಂತೆ ತೆಳುವಾದ ತೊಗಲನ್ನು ಹಿಡಿದಿವೆ. ಇರುವೆಗಳೇ ಇದರ ಮುಖ್ಯ ಆಹಾರ. ಹೆಣ್ಣು ಓತಿಯು ಮೊಟ್ಟೆಯಿಡುವದಕ್ಕೆ ಮಾತ್ರ ನೆಲಕ್ಕಿಳಿದು ಮಣ್ಣಿನಲ್ಲಿ ಗುಳಿ ತೋಡುತ್ತದೆ. ಘಟ್ಟದ ಮೇಲಣ ಮೂಡಿಗೆರೆಯಲ್ಲಿ ಬಾಳಿದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ೧೯೮೦ರಲ್ಲಿ ಪ್ರಕಟವಾದ ‘ಕರ್ವಾಲೊ’ ಎಂಬ ಕಾದಂಬರಿಯಲ್ಲಿ ಈ ಓತಿಯ ಹುಡುಕಾಟವನ್ನೇ ಕಥೆಯಾಗಿ ಮಾಡಿದ್ದನ್ನು ಅನೇಕರು ಓದಿರಬಹುದು.

ಇಂಥ ಪ್ರಾಣಿಯು ಹೀಗಾದದ್ದು ಹೇಗೆ? ಹಾರಬೇಕೆಂದು ಓತಿಯು ಆಶೆಪಟ್ಟದ್ದರಿಂದ ಪಕ್ಕೆಲುಬು ಬೆಳೆಯಿತೆಂದು ತಿಳಿಯಬಾರದು. ಮೂಡಬಿದ್ರೆಯಲ್ಲಿ ೧೪೩೦ರಲ್ಲಿ ಕಟ್ಟಲ್ಪಟ್ಟ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬವು ಇನ್ನೊಂದರಂತಿಲ್ಲವೆಂದು ಜನರು ಹೇಳುವದುಂಟು. ಹಾಗೆಯೇ ಒಂದೇ ತಾಯಿಯ ಮರಿಗಳಲ್ಲಿಯೂ ಒಂದು ಇನ್ನೊಂದರಂತೆ ಇರುವದಿಲ್ಲ. ಒಂದರ ಬಣ್ಣವು ತುಸು ಕಂದು, ಇನ್ನೊಂದರದ್ದು ತುಸು ಬೂದು. ಒಂದರ ಪಕ್ಕೆಯ ತೊಗಲು ತುಸು ಅಗಲ, ಇನ್ನೊಂದರದ್ದು ತುಸು ಕಿರಿದು. ಇಂಥ ಭೇದಗಳಲ್ಲಿ ಅನೇಕವು ತಾಯಿತಂದೆಗಳಿಂದ ಮರಿಗಳಿಗೆ ಇಳಿದುಬರುತ್ತವೆ. ಹುಟ್ಟುವ ಮರಿಗಳು ಬಹಳ, ಬದುಕಿ ಬೆಳೆದು ಮರಿಹಾಕುವವುಗಳು ಕೊಂಚ. ಮರದಿಂದ ಮರಕ್ಕೆ ತುಸು ದೂರ ತೇಲಬಲ್ಲ ಮರಿಯು ಹಾವಿನ ಬಾಯಿಂದ ತಪ್ಪಿಸಿಕೊಂಡಿತು. ತೊಗಟೆಯ ಬಣ್ಣಕ್ಕೆ ಹತ್ತಿರವಾದದ್ದು ಹದ್ದಿನ ಕಣ್ಣಿಗೆ ಬೀಳಲಿಲ್ಲ. ಅವುಗಳ ಮರಿಗಳು ಹೆಚ್ಚಿದವು. ಹೀಗೆ ಲಕ್ಷಾಂತರ ತಲೆಮಾರುಗಳು ಸಂದ ಮೇಲೆ ಇಂದಿನ ಓತಿಯು ಉಂಟಾಯಿತು. ಇದನ್ನೇ ನಿಸರ್ಗದ ಆಯ್ಕೆ ಎನ್ನುತ್ತಾರೆ. ಚಾರ್ಲ್ಸ್ ಡಾರ್ವಿನ್, ಆಲ್ಫ್ರೆಡ್ ರಸೆಲ್ ವಾಲೆಸ್ ಎಂಬ ಇಬ್ಬರ ಲೇಖನಗಳು ೧೮೫೮ರ ಜುಲೈ ೧ರಂದು ಲಂಡನಿನ ಒಂದು ವಿದ್ವತ್ಸಭೆಯಲ್ಲಿ ಓದಲ್ಪಟ್ಟು ಈ ವಿಚಾರವು ಲೋಕಕ್ಕೆ ಬಂತು. ಮರುವರುಷ ಡಾರ್ವಿನರು ತಮ್ಮ ದೊಡ್ಡ ಗ್ರಂಥವನ್ನು ಪ್ರಕಟಿಸಿದರು.

ಇಲ್ಲಿ ಆಯ್ಕೆ ಎಂಬ ಮಾತನ್ನು ಎಚ್ಚರಿಕೆಯಿಂದ ತಿಳಿಯಬೇಕು. ಬೀಜದ ಬತ್ತವನ್ನು ಒಕ್ಕಲಿಗನು ಆರಿಸುವಂತೆ ಯಾವನೋ ಒಬ್ಬನು ಕೂತು ಓತಿಗಳನ್ನು ಆರಿಸಲಿಲ್ಲ. ಬದುಕಿ ಮರಿಹಾಕಿದ್ದು ಉಳಿಯಿತು, ಅಷ್ಟೇ. ‘ಯೋಗ್ಯತಮನ ಉಳಿವು’ ಎಂಬ ಮಾತು ಡಾರ್ವಿನರದ್ದಲ್ಲ. ಹರ್ಬರ್ಟ್ ಸ್ಪೆನ್ಸರ್ ಎಂಬ ತತ್ತ್ವಜ್ಞಾನಿಯು ಅದನ್ನು ೧೮೬೪ರಲ್ಲಿ ಹುಟ್ಟಿಸಿದನು. ೧೮೬೯ರ ಮುದ್ರಣದಲ್ಲಿ ಡಾರ್ವಿನರೂ ಅದನ್ನು ಸೇರಿಸಿಕೊಂಡರು. ಆ ಮಾತಿನಿಂದ ಬಹಳ ತಪ್ಪು ತಿಳುವಳಿಕೆಯು ಹರಡಿತು. ಯಾಕಂದರೆ ಯೋಗ್ಯನೆಂದರೆ ಉತ್ತಮನೆಂದು ನಾವು ಎಣಿಸುತ್ತೇವೆ. ನಿಸರ್ಗದ ಲೆಕ್ಕದಲ್ಲಿಯಾದರೋ ಯೋಗ್ಯವೆಂದರೆ ಆ ಸ್ಥಳಕ್ಕೆ, ಆ ಕಾಲಕ್ಕೆ ಹೊಂದಿಕೊಂಡು ಸಂತತಿಯನ್ನು ಬಿಟ್ಟದ್ದು ಎಂದಷ್ಟೇ ಅರ್ಥ. ಮರದ ಮೇಲೆ ಯೋಗ್ಯವಾದ ಓತಿಯನ್ನು ಬಯಲಿನ ಕಲ್ಲುಗುಡ್ಡೆಯ ಮೇಲೆ ಬಿಟ್ಟರೆ ಅದೇ ಅಯೋಗ್ಯವಾಗುವದು. ಮನುಷ್ಯನ ಕರುಳಿನಲ್ಲಿ ವಾಸಿಸುವ ಲಾಡಿಹುಳುವಿಗೆ ಬಾಯಿಲ್ಲ, ಹೊಟ್ಟೆಯಿಲ್ಲ. ಅದು ಬೇರೊಬ್ಬನು ಅರಗಿಸಿದ ಅನ್ನವನ್ನು ಮೈಯಿಂದಲೇ ಹೀರಿ ಬದುಕುತ್ತದೆ. ಅದೂ ನಿಸರ್ಗದ ಆಯ್ಕೆಯಿಂದಲೇ ಹಾಗಾಯಿತು; ಆ ಲೆಕ್ಕದಲ್ಲಿ ಅದು ಬಹು ಯೋಗ್ಯವಾದ ಪ್ರಾಣಿ. ಪ್ರಕೃತಿಯ ನಿಯಮವನ್ನು ಗುರುವಾಗಿ ಮಾಡಿಕೊಳ್ಳುವೆನೆನ್ನುವವನು ಲಾಡಿಹುಳುವಿನ ಶಿಷ್ಯನಾಗಲು ಸಿದ್ಧನಿದ್ದಾನೋ?

ಇನ್ನೂ ಒಂದು ತರದ ಆಯ್ಕೆಯು ಪ್ರಾಣಿಗಳಲ್ಲಿ ಉಂಟು. ಗಂಡು ನವಿಲಿನ ಉದ್ದವಾದ ಗರಿಗಳು ಬದುಕಿಗೆ ಭಾರವೇ ಹೊರತು ಸಹಾಯವಲ್ಲ. ಬದುಕುವದಕ್ಕೆ ಬೇಕಾದದ್ದು ಮಾತ್ರ ಉಳಿಯುವದಾದರೆ ಈ ಗರಿಯು ಬಂದದ್ದೆಲ್ಲಿಂದ? ನವಿಲುಗರಿಯನ್ನು ಕಂಡರೆ ತನಗೆ ಅಸೌಖ್ಯವಾಗುತ್ತದೆಂದು ಡಾರ್ವಿನರು ೧೮೬೦ರಲ್ಲಿ ಒಬ್ಬ ಸ್ನೇಹಿತನಿಗೆ ಬರೆದಿದ್ದರು. ಹನ್ನೊಂದು ವರುಷಗಳ ತರುವಾಯ, ೧೮೭೧ರಲ್ಲಿ, ಅವರು ತಮ್ಮ ಉತ್ತರವನ್ನು ಪ್ರಕಟಿಸಿದರು. ಬದುಕಿದರೆ ಸಾಲದು, ಜೊತೆಯೂ ದೊರಕಬೇಕು. ಜೊತೆಗೋಸ್ಕರ ಗಂಡುಗಳು ಒಂದರೊಡನೊಂದು ಹೋರಾಡುತ್ತವೆ. ಇಲ್ಲವೆ ಹೆಣ್ಣು ತನಗೆ ಮೆಚ್ಚಿಕೆಯಾದದ್ದನ್ನು ಆರಿಸಿಕೊಳ್ಳುತ್ತದೆ. ಇದಕ್ಕೆ ಲೈಂಗಿಕ ಆಯ್ಕೆ ಎಂದು ಹೆಸರು.

ಇದನ್ನು ನೋಡಬೇಕಾದರೆ ಮಳೆಗಾಲದಲ್ಲಿ ಬಂಟ್ವಾಳದ ಕಡೆಯ ಗದ್ದೆಗಳ ಬದಿಗೆ ಬನ್ನಿರಿ. ನೀರಿನ ಮೇಲೆ ಬಾಗಿದ ತೆಂಗಿನ ಗರಿಗಳಲ್ಲಿ ಗೀಜಗನ ಗೂಡುಗಳು ತೂಗಾಡುತ್ತಿರುವವು. ನೇಯುವದು ಗಂಡು ಹಕ್ಕಿ. ಬತ್ತದ ಎಲೆಯನ್ನೂ ತೆಂಗಿನ ಗರಿಯನ್ನೂ ಸಣ್ಣ ಎಳೆಗಳಾಗಿ ಸೀಳಿ ತಂದು, ನೂರಾರು ಸಾರಿ ಹೋಗಿಬಂದು, ಕೊಕ್ಕಿನಿಂದಲೇ ಹೆಣೆಯುತ್ತದೆ. ಆದರೆ ಗೂಡನ್ನು ಪೂರ್ತಿಮಾಡುವದಿಲ್ಲ; ಅರ್ಧ ನೇಯ್ದು ನಿಲ್ಲಿಸಿ ರೆಕ್ಕೆ ಬಡಿಯುತ್ತಾ ಕೂಗುತ್ತದೆ. ಆಗ ಹೆಣ್ಣು ಹಕ್ಕಿಯು ಬಂದು ಗೂಡನ್ನು ಒಳಗೂ ಹೊರಗೂ ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಮಾತ್ರ ಗಂಡು ಉಳಿದ ಕೆಲಸವನ್ನು ಮುಗಿಸಿ ಕೊಳವೆಯಂಥ ಬಾಗಿಲನ್ನು ಇಳಿಬಿಡುತ್ತದೆ. ಒಪ್ಪಿಗೆಯಾಗದ ಅರೆಗೂಡುಗಳು ಹಾಗೆಯೇ ತೂಗಾಡುತ್ತಾ ಹಾಳಾಗುತ್ತವೆ. ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರು ೧೯೩೧ರಲ್ಲಿ ಈ ಹಕ್ಕಿಯ ನಡತೆಯನ್ನು ವಿವರಿಸಿ ಬರೆದರು. ಒಂದು ಗೂಡಿಗೆ ಹೆಣ್ಣು ಬಂದ ಮೇಲೆ ಅದೇ ಗಂಡು ಇನ್ನೊಂದು ಗೂಡಿಗೆ ಕೈಹಾಕಿ ಬೇರೊಂದು ಹೆಣ್ಣನ್ನು ಕರೆಯುತ್ತದೆಂದು ಅದರಿಂದ ತಿಳಿದುಬಂತು. ನೇಯ್ಗೆಯಲ್ಲಿ ಜಾಣನಾದವನು ಗಾರ್ಹಸ್ಥ್ಯದಲ್ಲಿ ನಮಗೆ ಮಾದರಿಯಾಗಲಿಲ್ಲ!

ಬೆಳ್ತಂಗಡಿಯಿಂದ ಚಾರ್ಮಾಡಿ ಘಟ್ಟವನ್ನು ಹತ್ತಿದರೆ ಕೊಟ್ಟಿಗೆಹಾರ ಸಿಕ್ಕುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವರು ೧೯೩೭ರಲ್ಲಿ ಒಂದು ಸಣ್ಣ ಕಪ್ಪೆಗೆ ಆ ಊರಿನ ಹೆಸರನ್ನೇ ಇಟ್ಟರು. ಅದು ನರ್ತಿಸುವ ಕಪ್ಪೆಗಳ ಕುಲಕ್ಕೆ ಸೇರಿದ್ದು. ೨೦೧೪ರಲ್ಲಿ ಎಸ್. ಡಿ. ಬಿಜು ಎಂಬವರೂ ಅವರ ಸಂಗಡಿಗರೂ ಪಶ್ಚಿಮ ಘಟ್ಟಗಳಿಂದ ಇದೇ ಕುಲದ ಹದಿನಾಲ್ಕು ಹೊಸ ಜಾತಿಗಳನ್ನು ವರ್ಣಿಸಿದರು. ಈ ಕಪ್ಪೆಗಳು ತೊರೆಗಳ ಕಲ್ಲುಗಳ ಮೇಲೆ ವಾಸಿಸುತ್ತವೆ. ನೀರಿನ ಭೋರ್ಗರೆತದಲ್ಲಿ ಕೂಗು ಕೇಳಿಸುವದು ಕಷ್ಟ. ಆದದರಿಂದ ಗಂಡು ಕೂಗುವದಲ್ಲದೆ ಹಿಂಗಾಲನ್ನು ಹಿಂದಕ್ಕೆ ಚಾಚಿ, ಬೆರಳುಗಳ ನಡುವಣ ತೊಗಲನ್ನು ಬಿಡಿಸಿ, ಬಾವುಟದಂತೆ ಬೀಸುತ್ತದೆ. ಅನೇಕ ವೇಳೆ ಎದುರಾಳಿಯು ಅದನ್ನು ಕಂಡೇ ಬೇರೆ ಕಲ್ಲಿಗೆ ಹೋಗುವದುಂಟು. ನಮ್ಮ ಹಾರುವ ಓತಿಯ ಗಂಡೂ ಗಂಟಲ ಕೆಳಗಿನ ಹಳದಿ ತೊಗಲನ್ನು ಚಾಚಿ ಮಡಚಿ ಇಂಥದೇ ಸಂಜ್ಞೆಯನ್ನು ಮಾಡುತ್ತದೆ. ಪ್ರಾಣಿಗಳ ಎಲ್ಲಾ ಸ್ಪರ್ಧೆಯೂ ರಕ್ತದಲ್ಲಿ ಮುಗಿಯುವದಿಲ್ಲವೆಂಬದನ್ನು ಇಲ್ಲಿ ಗಮನಿಸಬೇಕು.

ಕೋಳಿಕಟ್ಟಕ್ಕೆ ಹೋಗುವವರು ಈ ಮಾತನ್ನು ಒಪ್ಪಲಿಕ್ಕಿಲ್ಲ. ಹುಂಜಗಳು ಹುಟ್ಟುಜಗಳಗಂಟಿಗಳೆಂದು ಅವರು ಹೇಳುವರು. ನಿಜವೇ, ಹುಂಜದ ಕಾಲಿನ ಮುಳ್ಳು ಗಂಡುಗಂಡುಗಳ ಹೋರಾಟದಿಂದಲೇ ಬೆಳೆದುಬಂದದ್ದು. ಆದರೆ ಕಾಡಿನಲ್ಲಿ ಸೋತ ಹುಂಜವು ಸಾಮಾನ್ಯವಾಗಿ ಪೊದೆಯೊಳಗೆ ಓಡಿ ಬದುಕಿಕೊಳ್ಳುತ್ತದೆ. ಅಂಕದಲ್ಲಿಯಾದರೋ ಅದರ ಕಾಲಿಗೆ ಉಕ್ಕಿನ ಕತ್ತಿಯನ್ನು ಕಟ್ಟಿದವನು ಮನುಷ್ಯನು, ಓಡಗೊಡದೆ ಸುತ್ತ ನಿಂತವನೂ ಮನುಷ್ಯನು. ತನ್ನ ಕೈಯಿಂದ ಕತ್ತಿ ಕಟ್ಟಿ ಪ್ರಕೃತಿಯ ಮೇಲೆ ಹೊಣೆ ಹೊರಿಸುವ ಈ ವಾಡಿಕೆಯನ್ನು ಮುಂದೆಯೂ ಕಾಣುವೆವು.

ಹೆಣ್ಣು ಪ್ರಾಣಿಯು ಒಂದನ್ನು ಮೆಚ್ಚುವದು ಯಾಕೆ ಎಂಬದರ ವಿಷಯದಲ್ಲಿ ಪಂಡಿತರೊಳಗೆ ಇಂದಿಗೂ ವಾದವುಂಟು. ರುಚಿಯೂ ಗರಿಯೂ ಒಟ್ಟಿಗೆ ಮರಿಗಳಿಗಿಳಿದು ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತವೆಂದು ಆರ್. ಎ. ಫಿಶರ್ ೧೯೩೦ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ರೋಗಿಯಾದ ಪ್ರಾಣಿಯು ಅಂಥ ಭಾರವನ್ನು ಹೊರಲಾರದು, ಆದಕಾರಣ ಅದು ಆರೋಗ್ಯದ ಸುಳ್ಳಾಗದ ಗುರುತು ಎಂದು ಅಮೋಟ್ಸ್ ಜಹಾವಿಯವರು ೧೯೭೫ರಲ್ಲಿ ಹೇಳಿದರು. ಕಣ್ಣುಗಳು ಹೆಚ್ಚಿರುವ ಗರಿಯನ್ನೇ ಹೆಣ್ಣು ನವಿಲು ಮೆಚ್ಚುತ್ತದೆಂದು ೧೯೯೧ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಬಂತು. ೨೦೦೮ರಲ್ಲಿ ಜಪಾನಿನವರು ಪ್ರಕಟಿಸಿದ ಶೋಧನೆಯಲ್ಲಿ ಹಾಗೆ ಕಾಣಲಿಲ್ಲ. ಯಾವದು ನಿಜವಾದರೂ ಒಂದು ಮಾತು ಸ್ಥಿರವಾಯಿತು: ಪ್ರಾಣಿಗಳ ರೂಪವನ್ನು ತಿದ್ದಿದ್ದು ಬಲವೊಂದೇ ಅಲ್ಲ. ಅಡಗಿಕೊಳ್ಳುವದು, ತೇಲುವದು, ನೇಯುವದು, ಕಾಲು ಬೀಸುವದು, ಮೆಚ್ಚಿಕೆಯಾಗುವದು, ಇವೆಲ್ಲವೂ ತಿದ್ದಿವೆ. ಬಲವಿದ್ದವನೇ ಬಾಳುವನೆಂಬ ಗಾದೆಯು ಪ್ರಾಣಿಗಳ ವಿಷಯದಲ್ಲಿಯೇ ಅರೆಸತ್ಯವಾಯಿತು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಅದು ಪೂರ್ಣ ಸತ್ಯವೇ ಆಗಿದ್ದರೂ ಮನುಷ್ಯನು ಅದರಂತೆ ನಡೆಯಬೇಕೋ? ನೀರು ತಗ್ಗಿಗೆ ಹರಿಯುವದು ಪ್ರಕೃತಿಯ ನಿಯಮ. ಆದರೂ ನೇತ್ರಾವತಿಯು ಉಕ್ಕಿ ಬಂಟ್ವಾಳದ ಪೇಟೆಗೆ ನೀರು ನುಗ್ಗಿದಾಗ, ನಿಯಮವನ್ನು ಮೀರಬಾರದೆಂದು ಮಕ್ಕಳನ್ನು ನೀರಿನಲ್ಲಿ ಬಿಟ್ಟು ಯಾರೂ ಸುಮ್ಮನಿರುವದಿಲ್ಲ, ದೋಣಿಯನ್ನು ತರುತ್ತಾರೆ. ಒಂದು ಕಾರ್ಯವು ಹೇಗೆ ನಡೆಯುತ್ತದೆಂದು ತಿಳಿಯುವದು ಬೇರೆ, ಅದು ನಡೆಯತಕ್ಕದ್ದೆಂದು ಒಪ್ಪುವದು ಬೇರೆ. ಡಾರ್ವಿನರ ಪಕ್ಷವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದಿದ್ದ ಥಾಮಸ್ ಹಕ್ಸ್ಲಿಯವರೇ ೧೮೯೩ರ ತಮ್ಮ ಒಂದು ಉಪನ್ಯಾಸದಲ್ಲಿ, ಧರ್ಮದ ನಡತೆಯು ಪ್ರಕೃತಿಯ ಹೋರಾಟವನ್ನು ಅನುಕರಿಸುವದರಲ್ಲಿಲ್ಲ, ಅದನ್ನು ಎದುರಿಸುವದರಲ್ಲಿದೆ ಎಂಬರ್ಥವಾಗಿ ಹೇಳಿದರು. ಬಲಹೀನರನ್ನು ಸಾಕುವದರಿಂದ ಮನುಷ್ಯಕುಲಕ್ಕೆ ಕುಂದು ಬಂದೀತೋ ಎಂದು ಡಾರ್ವಿನರೂ ೧೮೭೧ರ ಗ್ರಂಥದಲ್ಲಿ ಅಂಜಿದ್ದುಂಟು. ಆದರೂ ಕನಿಕರವನ್ನು ತಡೆದರೆ ನಮ್ಮ ಸ್ವಭಾವದ ಶ್ರೇಷ್ಠವಾದ ಭಾಗವೇ ಕೆಡುವದೆಂದು ಅವರು ಅಲ್ಲಿಯೇ ಒಪ್ಪಿಕೊಂಡರು.

ಆ ಅಂಜಿಕೆಯನ್ನು ಹಿಡಿದು ಒಪ್ಪಿಗೆಯನ್ನು ಬಿಟ್ಟವರು ಏನು ಮಾಡಿದರೆಂಬದನ್ನು ಲೋಕವು ಕಂಡಿದೆ. ಜರ್ಮನಿಯಲ್ಲಿ ೧೯೩೩ರ ಒಂದು ಕಾನೂನಿನ ಮೂಲಕ ಸುಮಾರು ೪ ಲಕ್ಷ ಜನರು ‘ಅಯೋಗ್ಯ’ರೆಂದು ಎಣಿಸಲ್ಪಟ್ಟು, ಮಕ್ಕಳಾಗದಂತೆ ಬಲಾತ್ಕಾರದಿಂದ ಶಸ್ತ್ರಚಿಕಿತ್ಸೆಗೆ ಒಳಗಾದರು. ೧೯೪೦–೪೧ರಲ್ಲಿ ಮಾನಸಿಕ ರೋಗಿಗಳೂ ಅಂಗವಿಕಲರೂ ಆದ ಸುಮಾರು ೭೦,೦೦೦ ಮಂದಿ ವಿಷಾನಿಲದಿಂದ ಕೊಲ್ಲಲ್ಪಟ್ಟರು. ಬೇಥೆಲ್ ಎಂಬಲ್ಲಿ ಮೂರ್ಛೆರೋಗಿಗಳ ಆಶ್ರಮವನ್ನು ನಡಿಸುತ್ತಿದ್ದ ಪಾದ್ರಿ ಬೋಡೆಲ್‌ಶ್ವಿಂಗ್ ಅವರು ರೋಗಿಗಳ ಪಟ್ಟಿಗಳನ್ನು ತುಂಬಿಸಿಕೊಡಲು ಒಪ್ಪಲಿಲ್ಲ. ಅಲ್ಲಿಯೂ ಪ್ರಕೃತಿಯು ಯಾರನ್ನೂ ಕೊಲ್ಲಲಿಲ್ಲ. ಕತ್ತಿ ಕಟ್ಟಿದವರು ಮನುಷ್ಯರೇ.

ದೂರದ ಜರ್ಮನಿಯನ್ನು ದೂಷಿಸುವದು ಸುಲಭ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಕಡೆ ತಿರುಗಿ ನೋಡೋಣ. ೧೯೮೦ರ ದಶಕದಿಂದ ೨೦೦೦ದ ವರೆಗೆ ಆ ಸೀಮೆಯ ಗೇರು ತೋಪುಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವು ಸುರಿಯಲ್ಪಟ್ಟಿತು. ಅದು ಬಾವಿ, ಹೊಳೆ, ಅಂಗಳಗಳ ಮೇಲೆಯೂ ಬಿತ್ತು. ಕೈಕಾಲು ತಿರುಚಿದ, ಬುದ್ಧಿ ಬೆಳೆಯದ, ಮಾತು ಬಾರದ ಮಕ್ಕಳು ಮನೆಮನೆಗಳಲ್ಲಿ ಕಾಣಿಸಿಕೊಂಡರು. ಸುಪ್ರೀಂ ಕೋರ್ಟು ೨೦೧೧ರ ಮೇ ೧೩ರಂದು ದೇಶದಲ್ಲೆಲ್ಲಾ ಆ ವಿಷವನ್ನು ತಡೆಯಿತು. ಸರಕಾರವು ಬಾಧೆಪಟ್ಟವರನ್ನು ಗುರುತಿಸಿ ಮಾಸಾಶನವನ್ನು ಕೊಟ್ಟಿತು. ಕೊಕ್ಕಡದಲ್ಲಿ ಒಂದು ಪಾಲನಾಕೇಂದ್ರವೂ ಉಂಟಾಯಿತು. ಈ ಮಕ್ಕಳಲ್ಲೊಬ್ಬನನ್ನು ತೋರಿಸಿ ‘ಪ್ರಕೃತಿಯು ಬೇಡವೆಂದದ್ದನ್ನು ನೀನು ಯಾಕೆ ಹಿಡಿದುಕೊಂಡಿದ್ದೀ?’ ಎಂದು ತಾಯಿಯನ್ನು ಕೇಳುವವನು ಎರಡು ಸಾರಿ ತಪ್ಪುತ್ತಾನೆ. ಪ್ರಕೃತಿಯು ಬೇಡವೆನ್ನಲಿಲ್ಲ, ವಿಷವನ್ನು ಸುರಿಸಿದ್ದು ಮನುಷ್ಯರು. ಒಂದು ವೇಳೆ ಪ್ರಕೃತಿಯೇ ಬೇಡವೆಂದಿದ್ದರೂ ಆ ತಾಯಿಯು ಬೇಕೆನ್ನುವದಕ್ಕೆ ಸ್ವತಂತ್ರಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಾವು ನಗುವದಕ್ಕೆ ಹೇಳುತ್ತೇವೆ. ಇಪ್ಪತ್ತು ಮೂವತ್ತು ವರುಷ ಪ್ರಾಯದ ಮಗನಿಗೆ ಪ್ರತಿದಿನ ತನ್ನ ಕೈಯಿಂದ ಉಣ್ಣಿಸುವ ತಾಯಿಯ ಮುಂದೆ ಆ ಗಾದೆಯ ನಗೆಯು ಬತ್ತಿಹೋಗುವದು.

ಆದರೆ ಒಬ್ಬ ಜಾಣನು ಹೀಗೆ ಕೇಳಬಹುದು: “ತಾಯಿಯ ಪ್ರೀತಿಯೂ ಆ ಆಯ್ಕೆಯಿಂದಲೇ ಬಂದದ್ದಲ್ಲವೇ? ಮರಿಗಳನ್ನು ಸಾಕಿದ ಪ್ರಾಣಿಯ ಸಂತತಿಯೇ ಉಳಿಯಿತಷ್ಟೆ. ಹಾಗಾದರೆ ಕನಿಕರವೂ ಒಂದು ಲೆಕ್ಕಾಚಾರವೇ.” ಈ ಆಕ್ಷೇಪವನ್ನು ತಳ್ಳಿಬಿಡಬಾರದು. ಒಟ್ಟಾಗಿ ಬಾಳುವ ಪ್ರಾಣಿಗಳಲ್ಲಿ ಒಂದಕ್ಕೊಂದು ಸಹಾಯಮಾಡುವ ಸ್ವಭಾವವು ಹೀಗೆಯೇ ಬೆಳೆಯಿತೆಂದು ಡಾರ್ವಿನರೂ ಎಣಿಸಿದರು. ಇರಲಿ. ಬಾವಿಯ ನೀರು ಯಾವ ಬಂಡೆಯ ಸಂದಿನಿಂದ ಬಂದರೂ ಬಾಯಾರಿಕೆಯನ್ನು ತೀರಿಸುತ್ತದೆ. ಪ್ರೀತಿಯು ಹುಟ್ಟಿದ ದಾರಿಯು ತಿಳಿದದ್ದರಿಂದ ಪ್ರೀತಿಯು ಸುಳ್ಳಾಗುವದಿಲ್ಲ. ಮೇಲಾಗಿ, ಹಕ್ಕಿಯು ತನ್ನ ಮರಿಗೆ ಮಾತ್ರ ಗುಟುಕು ಕೊಡುವದಕ್ಕೆ ಕಲಿತಿದೆ; ಮನುಷ್ಯನು ತನ್ನ ರಕ್ತವಲ್ಲದವನಿಗೂ, ತನಗೆ ಎಂದೂ ಹಿಂದಕ್ಕೆ ಕೊಡಲಾರದವನಿಗೂ ಕೊಡಬಲ್ಲನು. ಇದು ಆ ನಿಯಮದಿಂದ ಮೊಳೆತಿದ್ದರೂ ಅದರ ಬೇಲಿಯನ್ನು ದಾಟಿ ಬೆಳೆದಿದೆ.

ಜೊತೆಯನ್ನು ಆರಿಸುವ ವಿಷಯದಲ್ಲಿಯೂ ಎರಡು ಮಾತು ಹೇಳತಕ್ಕದ್ದುಂಟು. ಬಿಳಿ ಬಣ್ಣದ ಹೆಣ್ಣೇ ಬೇಕು, ಚಿನ್ನ ಇಷ್ಟಿರಬೇಕು ಎಂದು ಕೇಳುವವರು ‘ಪ್ರಾಣಿಗಳೂ ಚೆಲುವನ್ನೇ ಆರಿಸುತ್ತವೆ’ ಎಂದು ಸಮರ್ಥಿಸಿಕೊಳ್ಳುವದನ್ನು ಕೇಳಿದ್ದೇವೆ. ಗೀಜಗನಲ್ಲಿ ಪರೀಕ್ಷೆಗೆ ಒಳಗಾಗುವವನು ಗಂಡು, ಅದೂ ತನ್ನ ದುಡಿಮೆಯಿಂದ. ನಮ್ಮ ಅಂಗಳಗಳಲ್ಲಿ ಕಂಬಳದ ಕೋಣವನ್ನು ನೋಡುವಂತೆ ನೋಡಲ್ಪಡುವವಳು ಹೆಣ್ಣು. ೧೯೬೧ರಲ್ಲಿಯೇ ವರದಕ್ಷಿಣೆಯು ಕಾನೂನಿನಿಂದ ನಿಷೇಧಿಸಲ್ಪಟ್ಟರೂ ಅದಕ್ಕೆ ಉಡುಗೊರೆಯೆಂಬ ಹೊಸ ಹೆಸರು ಬಂದಿದೆ. ಹಕ್ಕಿಯು ವರದಕ್ಷಿಣೆಯನ್ನು ಬಲ್ಲದೋ? ಇಲ್ಲಿಯೂ ನಮ್ಮ ಲೋಭಕ್ಕೆ ನಾವೇ ಪ್ರಕೃತಿಯ ಅಂಗಿಯನ್ನು ತೊಡಿಸಿದ್ದೇವೆ. ಹಕ್ಕಿಯು ತನಗೆ ಹುಟ್ಟಿನಿಂದ ಬಂದ ಮೆಚ್ಚಿಕೆಯಂತೆ ಆರಿಸುತ್ತದೆ. ಅದಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ತನ್ನ ಮೆಚ್ಚಿಕೆಯು ನ್ಯಾಯವಾದದ್ದೋ ಎಂದು ತನ್ನನ್ನೇ ಕೇಳಬಲ್ಲವನು ಮನುಷ್ಯನು. ಆದದರಿಂದ ಅವನ ಆಯ್ಕೆಗೆ ಅವನು ಉತ್ತರ ಕೊಡಬೇಕಾದವನು.

ವಾಚಕರೇ, ಓತಿಯನ್ನೂ ಗೀಜಗನನ್ನೂ ಕಪ್ಪೆಯನ್ನೂ ನಮ್ಮ ಮಕ್ಕಳಿಗೆ ತೋರಿಸೋಣ. ಅವು ಹಾಗಾದದ್ದು ಹೇಗೆಂಬದನ್ನೂ ಹೆದರದೆ ಕಲಿಸೋಣ. ಸತ್ಯವನ್ನು ತಿಳಿಯುವದರಿಂದ ಒಳ್ಳೇತನಕ್ಕೆ ಕೇಡು ಬರುವದಿಲ್ಲ. ಆದರೆ ‘ಯೋಗ್ಯ’ ಎಂಬ ಮಾತನ್ನು ಪ್ರಾಣಿಗಳ ಲೆಕ್ಕದಿಂದ ಎತ್ತಿ ತಂದು ನೆರೆಯವನ ಹಣೆಗೆ ಹಚ್ಚದಿರೋಣ. ಸಾವಿರ ಕಂಬದ ಬಸದಿಯಲ್ಲಿ ಎತ್ತರದ ಕಂಬವೂ ಮೋಟು ಕಂಬವೂ, ಕೆತ್ತನೆ ತುಂಬಿದ್ದೂ ಬರಿದಾದದ್ದೂ ಒಂದೇ ಚಾವಣಿಯ ಕೆಳಗೆ ನಿಂತಿವೆ. ಮುಂದಿನ ಸಾರಿ ಯಾವನಾದರೂ ಬಲಹೀನನನ್ನು ತೋರಿಸಿ “ಇದು ಪ್ರಕೃತಿಯ ನಿಯಮ” ಎಂದು ಹೇಳಿದರೆ, ಕೋಪಿಸದೆ ಒಂದೇ ಪ್ರಶ್ನೆಯನ್ನು ಕೇಳಿರಿ: “ಅಣ್ಣಾ, ಕತ್ತಿ ಕಟ್ಟಿದ ಕೈ ಯಾರದು?”